ಏಕಾಏಕಿ ಒಂದು ಕಿವಿ ಕೇಳಿಸದಾದರೆ ಏನು ಮಾಡಬೇಕು?

ಬೆಳಿಗ್ಗೆ ಎದ್ದು ಮೊಬೈಲನ್ನು ಎಡಗಿವಿಗೆ ಹಿಡಿದರೆ ದನಿಯೇ ಇಲ್ಲ. ಬಲಗಿವಿಗೆ ಹಿಡಿದರೆ ಎಲ್ಲ ಸರಿ. ನನ್ನ ಚಿಕ್ಕಮ್ಮನಿಗೆ ಹೀಗಾದಾಗ ಶೀತವಿರಬೇಕು ಎಂದುಕೊಂಡೆವು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುತ್ತಲೇ ಮೂರು ವಾರ ಕಳೆದೆವು. ಬೇರೆ ಯಾರ ಮನೆಯಲ್ಲೂ ಹೀಗಾಗಬಾರದು.

ಮೊದಲು ಬಾಯಿ ಮುಚ್ಚಿಕೊಂಡು 'ಮ್‌ಮ್' ಎಂದು ಗುನುಗಿ ನೋಡಿ. ಮಂದವಾದ ಕಿವಿಯಲ್ಲೇ ಜೋರಾಗಿ ಕೇಳಿದರೆ ಗುಗ್ಗೆಯೋ ಕಫವೋ ಕಟ್ಟಿಕೊಂಡಿರಬಹುದು. ಒಳ್ಳೆಯ ಕಿವಿಯತ್ತ ದನಿ ವಾಲಿದರೆ ಒಳಗಿವಿಗೇ ಪೆಟ್ಟಾಗಿರುವ ಶಂಕೆ. ಇದು ಮನೆಯ ಅಂದಾಜು ಮಾತ್ರ. ಫಲ ಏನೇ ಬಂದರೂ ಅಂದೇ ಕಿವಿ-ಮೂಗು-ಗಂಟಲು ತಜ್ಞರ ಬಳಿ ಹೋಗಿ. ಮುಖ ಸೊಟ್ಟಗಾಗಿದ್ದರೆ, ಮಾತು ತೊದಲಿದರೆ ನೇರವಾಗಿ ತುರ್ತು ಚಿಕಿತ್ಸಾ ಘಟಕಕ್ಕೆ.

ಗುಗ್ಗೆ ಇಲ್ಲವೆಂದು ಖಚಿತವಾದ ಮೇಲೆ ಆಡಿಯೋಗ್ರಾಂ, ಅಂದರೆ ಕಿವಿ ಎಷ್ಟು ಕೇಳಿಸುತ್ತದೆಂದು ಅಳೆಯುವ ಪರೀಕ್ಷೆ, ಮಾಡಿಸಿ. 72 ಗಂಟೆಗಳೊಳಗೆ, ಅಕ್ಕಪಕ್ಕದ ಮೂರು ಸ್ವರಮಟ್ಟಗಳಲ್ಲಿ 30 ಡೆಸಿಬೆಲ್‌ನಷ್ಟು ಶ್ರವಣ ಕುಸಿದಿದ್ದರೆ ವೈದ್ಯರು ಸಾಮಾನ್ಯವಾಗಿ ಸ್ಟೀರಾಯ್ಡ್ ಕೊಡುವ ಬಗ್ಗೆ ಯೋಚಿಸುತ್ತಾರೆ. ಇದನ್ನು ಎರಡು ವಾರಗಳೊಳಗೆ ಶುರುಮಾಡಬೇಕು, ಬೇಗನಾದಷ್ಟೂ ಒಳ್ಳೆಯದು. ಎಲ್ಲರಿಗೂ ಫಲಿಸುತ್ತದೆ ಎನ್ನಲಾಗದು. ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿ, ಈ ಔಷಧದಿಂದ ಸಕ್ಕರೆ ಏರುತ್ತದೆ. ಮಾತ್ರೆಗೆ ಜಗ್ಗದಿದ್ದರೆ ಕಿವಿಯ ತಮಟೆಯ ಮೂಲಕ ಚುಚ್ಚುಮದ್ದು ಕೊಡುವ ದಾರಿಯಿದೆ. ಶ್ರವಣ ನರದ ಮೇಲೆ ಗೆಡ್ಡೆ ಬೆಳೆದಿಲ್ಲವೆಂದು ಖಚಿತಪಡಿಸಿಕೊಳ್ಳಲು ಎಂಆರ್‌ಐ ಬೇಕು.

ಇನ್ನು ಉಳಿದ ಶ್ರವಣದ ಪಾಲನೆ. ನಾವು ಹೆಚ್ಚು ಅಸಡ್ಡೆ ಮಾಡುವುದು ಇಲ್ಲೇ. ಒಂದೊಂದು ಒಳಗಿವಿಯಲ್ಲಿ ಸದ್ದನ್ನು ಗ್ರಹಿಸುವ ಸುಮಾರು 15,000 ಕೂದಲು ಕೋಶಗಳಿರುತ್ತವೆ, ಸತ್ತರೆ ಮತ್ತೆ ಹುಟ್ಟುವುದಿಲ್ಲ. 85 ಡೆಸಿಬೆಲ್ ಸದ್ದನ್ನು ಎಂಟು ಗಂಟೆ ತಾಳಬಹುದು ಎಂಬುದು ರೂಢಿಯ ಲೆಕ್ಕ; 88 ಆದರೆ ನಾಲ್ಕೇ ಗಂಟೆ. ಗಣೇಶನ ಮೆರವಣಿಗೆಯ ಧ್ವನಿವರ್ಧಕದ ಮುಂದೆ, ದೀಪಾವಳಿಯ ಪಟಾಕಿಯ ಹತ್ತಿರ ನಿಲ್ಲಬೇಡಿ. ಸೋಂಕಿಗೆ ಕೊಡುವ ಜೆಂಟಾಮೈಸಿನ್, ಅಮಿಕಾಸಿನ್‌ನಂಥ ಚುಚ್ಚುಮದ್ದು ಒಳಗಿವಿಗೆ ಹಾನಿ ಮಾಡಬಲ್ಲವು. ಯಾವ ಕಾಯಿಲೆಗೇ ಹೋದರೂ ವೈದ್ಯರಿಗೆ ಕಿವಿಯ ಸಂಗತಿ ಮೊದಲು ತಿಳಿಸಿ, ಆಡಿಯೋಗ್ರಾಂ ಹಾಳೆ ತೋರಿಸಿ.

ಶ್ರವಣ ಸಾಧನಕ್ಕೆ ನಾಚಿಕೆ ಬೇಡ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿ, ಸಾಧನವನ್ನು ಕಿವಿಗೆ ಹೊಂದಿಸಿ ಕೊಡುತ್ತಾರೆ. ಮನೆಯವರು ಮಾಡಬೇಕಾದ್ದೂ ಇದೆ: ನಮ್ಮ ಮನೆಯಲ್ಲಿ ಈಗ ಊಟದ ಸಾಲಿನ ಎಡತುದಿ ಚಿಕ್ಕಮ್ಮನದು. ಕೇಳದ ಕಿವಿ ಗೋಡೆಗೆ, ಕೇಳುವ ಕಿವಿ ನಮ್ಮೆಲ್ಲರ ಕಡೆಗೆ.