ಮಿಡಿ ಉಪ್ಪಿನಕಾಯಿ ಮಾರಾಟಕ್ಕೆ ಸಾಮಾಜಿಕ ಜಾಲತಾಣ: ನನ್ನ ಅನುಭವ

ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹಲವು ವರ್ಷಗಳಿಂದ ಅಪ್ಪೆಮಿಡಿ, ಅಂದರೆ ಪರಿಮಳವಿರುವ ಎಳೆಯ ಮಾವಿನಕಾಯಿಯ ಉಪ್ಪಿನಕಾಯಿ ತಯಾರಿಸಿ ಮಾರುತ್ತಿದ್ದೇನೆ. ಮೊದಲು ಪೇಟೆಯ ಒಂದೆರಡು ಅಂಗಡಿಗಳಿಗೆ ಹಾಗೂ ಬೆಂಗಳೂರಿನಲ್ಲಿರುವ ನೆಂಟರಿಗೆ ಮಾತ್ರ ಹೋಗುತ್ತಿದ್ದ ನಮ್ಮ ಉಪ್ಪಿನಕಾಯಿಯ ಬಹುಪಾಲು ಈಗ ವಾಟ್ಸಾಪ್, ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್ ಮೂಲಕ ಬರುವ ಬೇಡಿಕೆಗೇ ಮುಗಿಯುತ್ತದೆ. ನನ್ನೊಂದಿಗೆ ಕೆಲಸ ಮಾಡುವ ಹೆಂಗಸರೂ ಅಕ್ಕಪಕ್ಕದ ಊರುಗಳಲ್ಲಿ ಹಪ್ಪಳ, ತೊಡೆದೇವು, ಜೇನುತುಪ್ಪ ಮಾರುವವರೂ ಇದನ್ನು ಹೇಗೆ ಮಾಡಿದಿರಿ ಎಂದು ಆಗಾಗ ಕೇಳುತ್ತಿರುವುದರಿಂದ, ನಾನು ನಡೆದುಕೊಂಡ ರೀತಿಯನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ದೂರದಲ್ಲಿರುವ ಗ್ರಾಹಕರಿಗೆ ರುಚಿ ನೋಡಿ ಕೊಳ್ಳುವ ಅವಕಾಶವಿಲ್ಲ. ಆದ್ದರಿಂದ ಅವರು ಕೊಳ್ಳುವುದು ನಮ್ಮ ಕೆಲಸವನ್ನು ನೋಡಿಯೇ. ಕೆಲಸ ನಡೆಯುತ್ತಿರುವಾಗಲೇ ಅದನ್ನು ತೋರಿಸುವುದು, ಆಗದ್ದನ್ನು ಆಗುವುದಿಲ್ಲವೆಂದು ಮೊದಲೇ ತಿಳಿಸುವುದು, ಈ ಎರಡರ ಮೇಲೆಯೇ ನನ್ನ ವ್ಯಾಪಾರ ನಿಂತಿದೆ ಎಂದು ನಾನು ನಂಬಿದ್ದೇನೆ.

ಅಪ್ಪೆಮಿಡಿಯ ವಿಷಯದಲ್ಲಿ ತೋರಿಸುವುದಕ್ಕೆ ಬೇಕಾದಷ್ಟಿದೆ. ಹೊಳೆ ಹಳ್ಳಗಳ ದಂಡೆಯಲ್ಲಿ ತಾನಾಗಿ ಬೆಳೆದ ಮಾವಿನ ಮರಗಳಲ್ಲಿ ಹೂವು ನಿಂತು, ಗೊರಟು ಬಲಿಯುವ ಮೊದಲೇ ಮಿಡಿಯನ್ನು ಕೊಯ್ಯಬೇಕು. ನೆಲಕ್ಕೆ ಬಿದ್ದ ಮಿಡಿಗೆ ಪೆಟ್ಟಾಗಿ ಅದು ಉಪ್ಪಿನಲ್ಲಿ ಕೊಳೆಯುತ್ತದೆ. ಒಂದು ಕೊಳೆತರೆ ಜಾಡಿಯಲ್ಲಿರುವ ಉಳಿದವೂ ಕೆಡುತ್ತವೆ. ಆದ್ದರಿಂದ ಕೊಯ್ಯುವವರು ಮರವೇರಿ ತೊಟ್ಟಿನ ಸಮೇತ ಬಿಡಿಸಿ, ಚೀಲಕ್ಕೋ ಬುಟ್ಟಿಗೋ ತುಂಬಿ ಹಗ್ಗದಲ್ಲಿ ನಿಧಾನವಾಗಿ ಕೆಳಗೆ ಇಳಿಸುತ್ತಾರೆ. ತೊಟ್ಟು ಮುರಿಯದೆ ಉಳಿದರೆ ಸೊನೆ ಮಿಡಿಯಲ್ಲೇ ನಿಲ್ಲುತ್ತದೆ, ಆ ಸೊನೆಯಿಂದಲೇ ಪರಿಮಳವೂ ಬಾಳಿಕೆಯೂ ಬರುತ್ತದೆ. ಬುಟ್ಟಿ ಹಗ್ಗದಲ್ಲಿ ಇಳಿದು ಕೆಳಗೆ ನಿಂತವರ ಕೈಗೆ ಬರುವ ದೃಶ್ಯವನ್ನು ನಾನು ಒಂದು ನಿಮಿಷಕ್ಕಿಂತ ಕಡಿಮೆ ಅವಧಿಯ ವಿಡಿಯೊ ಮಾಡಿ ಹಾಕಿದಾಗ ಬಂದಷ್ಟು ವಿಚಾರಣೆ, ತುಂಬಿದ ಬಾಟಲಿಗಳನ್ನು ಸಾಲಾಗಿ ಜೋಡಿಸಿ ತೆಗೆದ ಯಾವ ಫೋಟೊಗೂ ಬಂದದ್ದಿಲ್ಲ. ನಮ್ಮ ಉಪ್ಪಿನಕಾಯಿಗೆ ಅಂಗಡಿಯ ಉಪ್ಪಿನಕಾಯಿಗಿಂತ ಬೆಲೆ ಏಕೆ ಹೆಚ್ಚು ಎಂಬ ಪ್ರಶ್ನೆಗೆ ಆ ವಿಡಿಯೊ ನೋಡಿದವರು ತಾವೇ ಉತ್ತರ ಕಂಡುಕೊಳ್ಳುತ್ತಾರೆ.

ಅಂದಿನಿಂದ ನಾನು ಹಾಕುವುದೆಲ್ಲ ಕೆಲಸದ ಹಂತಗಳನ್ನೇ. ಮಿಡಿಯನ್ನು ತೊಳೆದು, ಬಟ್ಟೆಯ ಮೇಲೆ ಹರಡಿ ನೀರಾರಿಸುವುದು, ಕಲ್ಲುಪ್ಪು ಒಂದು ಪದರ ಮಿಡಿ ಒಂದು ಪದರ ಹಾಕಿ ಜಾಡಿ ತುಂಬುವುದು, ಕೆಲವು ದಿನಗಳ ನಂತರ ಮಿಡಿ ನೀರು ಬಿಟ್ಟು ಸುಕ್ಕುಗಟ್ಟಿರುವುದು, ಆ ಉಪ್ಪುನೀರನ್ನು ಕುದಿಸಿ ಆರಿಸಿ ಅದರಲ್ಲೇ ಸಾಸಿವೆ ಮತ್ತು ಬ್ಯಾಡಗಿ ಮೆಣಸಿನಕಾಯಿ ರುಬ್ಬುವುದು, ಹೀಗೆ ಒಂದೊಂದಕ್ಕೂ ಒಂದು ಚಿಕ್ಕ ವಿಡಿಯೊ ಅಥವಾ ಎರಡು ಫೋಟೊ ಸಾಕಾಗುತ್ತದೆ. ಬೆಳಿಗ್ಗೆ ಜಗಲಿಗೆ ಬರುವ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ಮಿಡಿಯ ಬಣ್ಣ ಇದ್ದ ಹಾಗೆಯೇ ಕಾಣುತ್ತದೆ. ಟ್ಯೂಬ್‌ಲೈಟಿನ ಕೆಳಗೆ ತೆಗೆದರೆ ಮಸಾಲೆಯ ಕೆಂಪು ಕಪ್ಪಾಗಿ ಕಾಣುತ್ತದೆ, ಬಣ್ಣ ಹೆಚ್ಚಿಸುವ ಫಿಲ್ಟರ್ ಬಳಸಿದರೆ ತಲುಪಿದ ಬಾಟಲಿಗೂ ಚಿತ್ರಕ್ಕೂ ಹೋಲಿಕೆಯೇ ಇರುವುದಿಲ್ಲ. ಅಡುಗೆಮನೆಯಲ್ಲಿ ಇರುವ ಮೊಬೈಲಿನ ಕ್ಯಾಮೆರಾಕ್ಕೆ ಸದಾ ಜಿಡ್ಡು ಅಂಟಿರುತ್ತದೆ. ಚಿತ್ರ ತೆಗೆಯುವ ಮುನ್ನ ಒಣ ಹತ್ತಿಬಟ್ಟೆಯಿಂದ ಒರೆಸಿದರೆ ಅರ್ಧ ಸಮಸ್ಯೆ ಪರಿಹಾರವಾಗುತ್ತದೆ. ವಿಡಿಯೊಗೆ ಸಿನಿಮಾ ಹಾಡು ಸೇರಿಸದೆ, ನನ್ನ ಧ್ವನಿಯಲ್ಲೇ, ಇದು ಜೀರಿಗೆ ವಾಸನೆಯ ಮಿಡಿಯೋ ಅನಂತಭಟ್ಟನ ಅಪ್ಪೆ ಎಂಬ ಬಗೆಯೋ, ಯಾವ ಕಡೆಯಿಂದ ಬಂದದ್ದು, ಯಾವ ದಿನ ಉಪ್ಪಿಗೆ ಹಾಕಿದ್ದು ಎಂಬುದನ್ನು ಹೇಳುತ್ತೇನೆ. ಹೊರ ಊರುಗಳಲ್ಲಿ ನೆಲೆಸಿದ ಮಲೆನಾಡಿನವರಿಗೆ ಈ ಹೆಸರುಗಳನ್ನು ಕೇಳಿದರೆ ಸಾಕು, ತಮ್ಮ ಅಜ್ಜಿಯ ಮನೆಯ ಮರದ ಬಗ್ಗೆ ಕಾಮೆಂಟಿನಲ್ಲಿ ಬರೆಯತೊಡಗುತ್ತಾರೆ; ಆ ಮಾತುಕತೆಯಿಂದ ಹೊಸಬರಿಗೂ ನಂಬಿಕೆ ಬರುತ್ತದೆ.

ಮೂರು ಜಾಲತಾಣಗಳಿಗೂ ಬರುವ ಜನ ಬೇರೆ ಬೇರೆ. ಐವತ್ತು ದಾಟಿದವರು, ನಿವೃತ್ತರು ಹೆಚ್ಚಾಗಿ ಫೇಸ್‌ಬುಕ್‌ನಲ್ಲಿ ನೋಡುತ್ತಾರೆ. ಅವರು ಉದ್ದದ ಬರಹವನ್ನು ಪೂರ್ತಿ ಓದುತ್ತಾರೆ, ಫೋನ್ ಮಾಡಿ ಮಾತನಾಡಿ ಒಮ್ಮೆಗೇ ನಾಲ್ಕೈದು ಬಾಟಲಿ ತರಿಸಿಕೊಳ್ಳುತ್ತಾರೆ. ಇನ್‌ಸ್ಟಾಗ್ರಾಮ್‌ನಲ್ಲಿ ರೀಲ್ಸ್ ನೋಡಿ ಬರುವ ಕಿರಿಯರು ಮೊದಲು ಒಂದು ಚಿಕ್ಕ ಬಾಟಲಿ ಕೇಳುತ್ತಾರೆ, ಆದರೆ ಮೆಚ್ಚಿಕೊಂಡರೆ ತಮ್ಮ ಕಚೇರಿಯ ಸಹೋದ್ಯೋಗಿಗಳನ್ನೂ ಕರೆತರುತ್ತಾರೆ. ವಾಟ್ಸಾಪ್‌ನಲ್ಲಿ ಹೊಸಬರು ಸಿಗುವುದು ಅಪರೂಪ. ಸಿಕ್ಕಿದವರು ವರ್ಷ ವರ್ಷವೂ ಮರಳುವುದು ಅಲ್ಲಿಂದಲೇ. ಹೀಗಾಗಿ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್‌ನಲ್ಲಿ ಪರಿಚಯವಾದವರನ್ನು ಆದಷ್ಟು ಬೇಗ ವಾಟ್ಸಾಪ್‌ಗೆ ಬರಮಾಡಿಕೊಳ್ಳುವುದನ್ನು ನಾನು ಕ್ರಮವಾಗಿ ಇಟ್ಟುಕೊಂಡಿದ್ದೇನೆ. ಎರಡೂ ಪುಟಗಳಲ್ಲಿ ವಾಟ್ಸಾಪ್‌ಗೆ ನೇರವಾಗಿ ತೆರೆದುಕೊಳ್ಳುವ ಲಿಂಕ್ ಕೊಟ್ಟಿದ್ದೇನೆ, ಬಾಟಲಿಯ ಲೇಬಲ್ಲಿನ ಮೇಲೂ ಅದರ ಕ್ಯೂಆರ್ ಕೋಡ್ ಮುದ್ರಿಸಿದ್ದೇನೆ. ಜಾಲತಾಣದ ಕಂಪನಿ ತನ್ನ ನಿಯಮ ಬದಲಿಸಿ ನಮ್ಮ ಪೋಸ್ಟ್‌ಗಳನ್ನು ಕಡಿಮೆ ಜನರಿಗೆ ತೋರಿಸಿದರೂ, ಖಾತೆಯೇ ಕೈತಪ್ಪಿ ಹೋದರೂ, ಗ್ರಾಹಕರ ಹೆಸರು, ಊರು, ನಂಬರು ನಮ್ಮ ಬಳಿ ಇದ್ದರೆ ವ್ಯಾಪಾರ ನಿಲ್ಲುವುದಿಲ್ಲ. ಅದಕ್ಕಾಗಿ ಒಂದು ನೋಟ್‌ಬುಕ್ಕಿನಲ್ಲೂ ಅವನ್ನೆಲ್ಲ ಬರೆದಿಡುತ್ತೇನೆ.

2018ರಲ್ಲಿ ಬಂದ ವಾಟ್ಸಾಪ್ ಬಿಸಿನೆಸ್ ಆ್ಯಪ್ ಉಚಿತವಾಗಿದ್ದು, ನಮ್ಮಂಥ ಚಿಕ್ಕ ಉದ್ಯಮಕ್ಕೆ ಅಷ್ಟೇ ಸಾಕು. ಮನೆಯ ಮಾತುಕತೆಯ ನಂಬರನ್ನು ಬಿಟ್ಟು ಬೇರೆ ಸಿಮ್‌ನಲ್ಲಿ ಅದನ್ನು ನಡೆಸುತ್ತೇನೆ. ಕ್ಯಾಟಲಾಗ್‌ನಲ್ಲಿ ಪ್ರತಿಯೊಂದು ಬಗೆಯ ಹೆಸರು, ತೂಕ, ಬೆಲೆ ಹಾಕಿಟ್ಟರೆ ಬೆಲೆ ಎಷ್ಟು ಎಂಬ ಪ್ರಶ್ನೆಯೇ ಕಡಿಮೆಯಾಗುತ್ತದೆ. ಬೆಲೆಗೆ ಇನ್‌ಬಾಕ್ಸ್‌ಗೆ ಬನ್ನಿ ಎಂದು ಬರೆಯುವ ಪದ್ಧತಿ ನನಗೆ ಸರಿಕಾಣುವುದಿಲ್ಲ, ಎಲ್ಲರಿಗೂ ಒಂದೇ ಬೆಲೆ ಇದೆಯೆಂದು ಬಹಿರಂಗವಾಗಿ ಕಾಣಿಸಿದರೆ ಚೌಕಾಸಿ ಮಾಡುವವರೂ ಸುಮ್ಮನಾಗುತ್ತಾರೆ. ಹಣ ಬಂದದ್ದು, ಪ್ಯಾಕ್ ಮಾಡಬೇಕಾದದ್ದು, ಕಳಿಸಿದ್ದು ಎಂದು ಪ್ರತಿ ಚಾಟ್‌ಗೂ ಬಣ್ಣದ ಲೇಬಲ್ ಹಚ್ಚುವುದರಿಂದ ಕೆಲಸದ ಒತ್ತಡದ ದಿನಗಳಲ್ಲಿ ಯಾರ ಆರ್ಡರೂ ಮರೆತುಹೋಗುವುದಿಲ್ಲ. ಎಣ್ಣೆ ಹಾಕುತ್ತೀರಾ, ಫ್ರಿಜ್‌ನಲ್ಲಿ ಇಡಬೇಕೇ, ಎಷ್ಟು ದಿನ ಬಾಳುತ್ತದೆ ಎಂಬ ಪ್ರಶ್ನೆಗಳಿಗೆ ಸಿದ್ಧ ಉತ್ತರಗಳನ್ನು ಬರೆದಿಟ್ಟಿದ್ದೇನೆ, ಆದರೆ ಅದನ್ನು ಕಳಿಸುವ ಮೊದಲು ಕೇಳಿದವರ ಹೆಸರನ್ನಾದರೂ ಸೇರಿಸುತ್ತೇನೆ.

ಒಂದೇ ಸಂದೇಶವನ್ನು ಹಲವರಿಗೆ ಬೇರೆ ಬೇರೆಯಾಗಿ ಕಳಿಸುವ ವಾಟ್ಸಾಪ್‌ನ ಬ್ರಾಡ್‌ಕಾಸ್ಟ್ ಲಿಸ್ಟಿನ ಬಗ್ಗೆ ಒಂದು ಮಾತು ಹೇಳಬೇಕು. ಒಂದು ಲಿಸ್ಟಿಗೆ 256 ಜನರನ್ನು ಸೇರಿಸಬಹುದು, ಆದರೆ ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ. ಅದಕ್ಕಾಗಿ ಮೊದಲ ಪಾರ್ಸೆಲ್ ಕಳಿಸಿದ ದಿನವೇ, ಮುಂದಿನ ಹಂಗಾಮಿನ ಸುದ್ದಿ ಬೇಕಿದ್ದರೆ ಈ ನಂಬರನ್ನು ಸೇವ್ ಮಾಡಿಕೊಳ್ಳಿ, ಬೇಡವಾದರೆ ತೊಂದರೆಯಿಲ್ಲ ಎಂದು ಬರೆಯುತ್ತೇನೆ. ಒಪ್ಪಿದವರನ್ನು ಮಾತ್ರ ಲಿಸ್ಟಿಗೆ ಸೇರಿಸುತ್ತೇನೆ. ಗ್ರಾಹಕರನ್ನೆಲ್ಲ ಒಂದು ಗ್ರೂಪಿಗೆ ಹಾಕುವುದನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣುವುದು ಸರಿಯಲ್ಲ, ವಿಶೇಷವಾಗಿ ಹೆಣ್ಣುಮಕ್ಕಳ ನಂಬರು. ದಿನವೂ ಶುಭೋದಯ ಕಳಿಸುವುದರಿಂದ ಯಾರೂ ಉಪ್ಪಿನಕಾಯಿ ಕೊಳ್ಳುವುದಿಲ್ಲ, ಬ್ಲಾಕ್ ಮಾಡುತ್ತಾರೆ ಅಷ್ಟೇ. ಹೂವು ಬಿಟ್ಟಾಗ ಒಂದು, ಕೊಯ್ಲು ಶುರುವಾದಾಗ ಒಂದು, ಬುಕಿಂಗ್ ತೆರೆದಾಗ ಒಂದು, ಮುಗಿದಾಗ ಒಂದು ಸಂದೇಶ, ಇಷ್ಟರಲ್ಲೇ ನಾನು ನಿಲ್ಲಿಸುತ್ತೇನೆ.

ಮೋಡ ಮುಸುಕಿ ಹೂವು ಕರಟಿದ ವರ್ಷ ಮಿಡಿ ಕಡಿಮೆ. ಅಂಥ ವರ್ಷ ಬುಕಿಂಗ್ ತೆರೆಯುವ ಮೊದಲೇ ಫಸಲು ಕಡಿಮೆಯಿದೆ, ಒಬ್ಬರಿಗೆ ಎರಡು ಬಾಟಲಿ ಮಾತ್ರ ಎಂದು ಕಾರಣ ಸಮೇತ ತಿಳಿಸುತ್ತೇನೆ. ಬೇರೆ ಕಡೆಯ ಸಾಮಾನ್ಯ ಮಾವಿನ ಮಿಡಿಯನ್ನು ತಂದು ಅಪ್ಪೆಮಿಡಿಯೆಂದು ತುಂಬಿಸಿದರೆ ಬೇಡಿಕೆಯನ್ನು ಪೂರೈಸಬಹುದು ಎಂದು ಸಲಹೆ ಕೊಟ್ಟವರಿದ್ದಾರೆ. ಮೂಗಿಗೆ ಹಿಡಿದ ಕ್ಷಣವೇ ವ್ಯತ್ಯಾಸ ಗೊತ್ತಾಗುವ ಗ್ರಾಹಕರನ್ನು ಇಟ್ಟುಕೊಂಡು ಹಾಗೆ ಮಾಡುವುದು ವ್ಯಾಪಾರದ ದೃಷ್ಟಿಯಿಂದಲೂ ಅವಿವೇಕ, ಧರ್ಮವಂತೂ ಅಲ್ಲ.

ಹಣದ ವಿಷಯದಲ್ಲಿ ನಾನು ಕಟ್ಟುನಿಟ್ಟಾಗಿದ್ದೇನೆ. ಪೂರ್ತಿ ಹಣ ಯುಪಿಐ ಮೂಲಕ ಬಂದ ಮೇಲೆಯೇ ಪ್ಯಾಕಿಂಗ್. ಬಂದಿದೆಯೇ ಎಂಬುದನ್ನು ಗ್ರಾಹಕರು ಕಳಿಸಿದ ಸ್ಕ್ರೀನ್‌ಶಾಟ್ ನೋಡಿ ತೀರ್ಮಾನಿಸದೆ ಬ್ಯಾಂಕಿನ ಖಾತೆಯನ್ನೇ ತೆರೆದು ನೋಡುತ್ತೇನೆ, ಏಕೆಂದರೆ ಸ್ಕ್ರೀನ್‌ಶಾಟನ್ನು ಯಾರು ಬೇಕಾದರೂ ತಿದ್ದಬಹುದು. ಸೈನ್ಯದ ಕ್ಯಾಂಟೀನಿಗೆ ದೊಡ್ಡ ಆರ್ಡರ್ ಬೇಕು, ಮುಂಗಡ ಕಳಿಸುತ್ತೇವೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಎಂದು ಹಿಂದಿಯಲ್ಲಿ ಕರೆ ಬರುವುದು ಈಗ ಚಿಕ್ಕ ಉದ್ಯಮಿಗಳಿಗೆಲ್ಲ ಪರಿಚಿತವಾದ ಮೋಸ. ಹಣ ಪಡೆಯುವುದಕ್ಕೆ ಕೋಡ್ ಸ್ಕ್ಯಾನ್ ಮಾಡಬೇಕಾಗಿಲ್ಲ, ಪಿನ್ ಒತ್ತಬೇಕಾಗಿಲ್ಲ. ಪಿನ್ ಒತ್ತಿದರೆ ಹಣ ನಮ್ಮ ಖಾತೆಯಿಂದ ಹೋಗುತ್ತದೆ. ನನ್ನೊಂದಿಗೆ ಕೆಲಸ ಮಾಡುವವರಿಗೆ ಇದನ್ನೂ, ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕೆಂಬುದನ್ನೂ ಕಲಿಸಿ ಗೋಡೆಯ ಮೇಲೆ ಬರೆದು ಅಂಟಿಸಿದ್ದೇನೆ.

ಜಾಲತಾಣದಲ್ಲಿ ಗಳಿಸಿದ ಹೆಸರು ಉಳಿಯುವುದು ಪಾರ್ಸೆಲ್ ಸರಿಯಾಗಿ ತಲುಪಿದರೆ ಮಾತ್ರ. ನಮ್ಮ ಮಿಡಿ ಉಪ್ಪಿನಕಾಯಿಗೆ ಎಣ್ಣೆ ಹಾಕುವುದಿಲ್ಲ, ತೆಳುವಾದ ರಸ ಹೆಚ್ಚಿರುತ್ತದೆ, ಹಾಗಾಗಿ ಸೋರುವ ಸಾಧ್ಯತೆಯೂ ಹೆಚ್ಚು. ಮುಚ್ಚಳ ಬಿಗಿದ ಬಾಟಲಿಗಳನ್ನು ರಾತ್ರಿ ಹಳೆಯ ಪತ್ರಿಕೆಯ ಮೇಲೆ ತಲೆಕೆಳಗಾಗಿ ನಿಲ್ಲಿಸುತ್ತೇವೆ; ಬೆಳಿಗ್ಗೆ ಪತ್ರಿಕೆಯ ಮೇಲೆ ಒದ್ದೆಯ ಗುರುತು ಕಂಡರೆ ಆ ಬಾಟಲಿಯನ್ನು ಬದಲಿಸುತ್ತೇವೆ. ಕೊರಿಯರ್‌ಗೆ ಒಪ್ಪಿಸಿದ ಸಂಜೆಯೇ ಟ್ರ್ಯಾಕಿಂಗ್ ನಂಬರು, ಒಪ್ಪಿಸಿದ ರಸೀದಿಯ ಫೋಟೊ ಎರಡನ್ನೂ ಕಳಿಸುತ್ತೇನೆ. ತಲುಪಿದ ಮೇಲೆ ಒಂದು ವಾರ ಬಿಟ್ಟು, ರುಚಿ ಹೇಗಿದೆ, ಕೊರತೆ ಇದ್ದರೆ ಸಂಕೋಚವಿಲ್ಲದೆ ಹೇಳಿ ಎಂದು ಕೇಳುತ್ತೇನೆ. ಒಮ್ಮೆ ಮೈಸೂರಿನ ಒಬ್ಬ ಗ್ರಾಹಕಿ ಫೇಸ್‌ಬುಕ್ ಪುಟದಲ್ಲೇ, "ಅಕ್ಕಾ, ಹೋದ ವರ್ಷಕ್ಕಿಂತ ಈ ಸಲ ಉಪ್ಪು ಜಾಸ್ತಿ ಅನ್ನಿಸ್ತಿದೆ" ಎಂದು ಬರೆದರು. ಆ ಕಾಮೆಂಟನ್ನು ಅಳಿಸದೆ ಅದರ ಕೆಳಗೇ ಉತ್ತರಿಸಿದೆ: "ನೀವು ಹೇಳಿದ್ದು ಸರಿ ತಂಗೀ, ಇದು ಈಗಷ್ಟೇ ಕಲಸಿದ್ದು. ಹೊಸದರಲ್ಲಿ ಉಪ್ಪು ಮುಂದೆ ನಿಲ್ಲುತ್ತದೆ, ಒಂದು ತಿಂಗಳು ಬಿಟ್ಟು ತೆಗೆಯಿರಿ. ಆಗಲೂ ಹೆಚ್ಚೆನಿಸಿದರೆ ಬೇರೆ ಕಳಿಸುತ್ತೇನೆ." ಅವರು ತಿಂಗಳ ನಂತರ ಅದೇ ಜಾಗದಲ್ಲಿ ಈಗ ಹದವಾಗಿದೆ ಎಂದು ಬರೆದರು, ಆ ಮಾತುಕತೆಯನ್ನು ಓದಿ ಬಂದೆವೆಂದು ಹೇಳಿ ಆರ್ಡರ್ ಕೊಟ್ಟವರು ಈಗಲೂ ಸಿಗುತ್ತಾರೆ. ದೂರನ್ನು ಅಳಿಸಿದ್ದರೆ ಆ ಉತ್ತರವೂ ಉಳಿಯುತ್ತಿರಲಿಲ್ಲ.

ಮನೆಯಲ್ಲಿ ತಯಾರಿಸಿದ ತಿನಿಸನ್ನು ಜಾಲತಾಣದಲ್ಲಿ ಮಾರುವವರು ಎಫ್‌ಎಸ್‌ಎಸ್‌ಎಐ (ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ) ನೋಂದಣಿಯನ್ನು ಕಡೆಗಣಿಸಬಾರದು. ನಾನು ಮಾಡಿಸಿದಾಗ ವರ್ಷಕ್ಕೆ 12 ಲಕ್ಷ ರೂಪಾಯಿವರೆಗಿನ ವಹಿವಾಟಿಗೆ ನೋಂದಣಿ ಸಾಕಾಗುತ್ತಿತ್ತು, ಶುಲ್ಕ ವರ್ಷಕ್ಕೆ 100 ರೂಪಾಯಿ, ಅರ್ಜಿಯನ್ನು ಆನ್‌ಲೈನ್‌ನಲ್ಲೇ ಹಾಕಿದೆ. ಹದಿನಾಲ್ಕು ಅಂಕಿಯ ಆ ಸಂಖ್ಯೆ, ಬಳಸಿದ ಪದಾರ್ಥಗಳು, ನಿವ್ವಳ ತೂಕ, ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ನಮ್ಮ ವಿಳಾಸ, ಸಸ್ಯಾಹಾರದ ಹಸಿರು ಗುರುತು ಇವೆಲ್ಲ ಇರುವ ಲೇಬಲ್ಲಿನ ಫೋಟೊವನ್ನು ಹತ್ತಿರದಿಂದ ತೆಗೆದು ಪುಟದ ಮೇಲ್ಭಾಗದಲ್ಲಿ ಪಿನ್ ಮಾಡಿದ್ದೇನೆ. ಜೀರ್ಣಶಕ್ತಿ ಹೆಚ್ಚಿಸುತ್ತದೆ, ಪಿತ್ತ ಗುಣವಾಗುತ್ತದೆ ಎಂದೆಲ್ಲ ಬರೆಯಿರಿ, ಹೆಚ್ಚು ಮಾರಾಟವಾಗುತ್ತದೆ ಎಂದು ಹೇಳುವವರ ಮಾತನ್ನು ನಾನು ಕೇಳುವುದಿಲ್ಲ. ಆಹಾರ ಪದಾರ್ಥ ರೋಗವನ್ನು ಗುಣಪಡಿಸುತ್ತದೆ ಎಂದು ಜಾಹೀರಾತು ಮಾಡುವುದನ್ನು ಎಫ್‌ಎಸ್‌ಎಸ್‌ಎಐಯ 2018ರ ಜಾಹೀರಾತು ನಿಯಮಗಳೇ ನಿಷೇಧಿಸಿವೆ, ಮೇಲಾಗಿ ಉಪ್ಪಿನಕಾಯಿಯಲ್ಲಿ ಉಪ್ಪು ಎಷ್ಟಿರುತ್ತದೆ ಎಂಬುದು ಅದನ್ನು ಮಾಡುವ ನಮಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು.

ಹಣ ಕೊಟ್ಟು ಪೋಸ್ಟ್ ಬೂಸ್ಟ್ ಮಾಡುವುದನ್ನು, ಅಂದರೆ ಅದು ಹೆಚ್ಚು ಜನರಿಗೆ ಕಾಣುವಂತೆ ಮಾಡುವುದನ್ನು, ಮಿತವಾಗಿ ಬಳಸುತ್ತೇನೆ. ತಾನಾಗಿಯೇ ಜನ ಮೆಚ್ಚಿ ಹಂಚಿಕೊಂಡ ವಿಡಿಯೊವನ್ನೇ ಆರಿಸಿ, ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳಿಗೆ ಸೀಮಿತಗೊಳಿಸಿ, ಬುಕಿಂಗ್ ತೆರೆದಿರುವ ದಿನಗಳಲ್ಲಿ ಮಾತ್ರ ಸಣ್ಣ ಮೊತ್ತ ಹಾಕಿದರೆ ಪ್ರಯೋಜನವಿದೆ. ಸ್ಟಾಕ್ ಇಲ್ಲದ ತಿಂಗಳುಗಳಲ್ಲಿ ಲೈಕ್‌ಗಾಗಿ ಬೂಸ್ಟ್ ಮಾಡುವುದರಿಂದ ಏನೂ ಬರುವುದಿಲ್ಲ.

ಮಾರಾಟದಷ್ಟೇ ನನಗೆ ಉಪಯೋಗವಾದದ್ದು ಇದೇ ಕಸುಬಿನವರ ಒಡನಾಟ. ಸಾಗರ, ಹೊಸನಗರ, ಸಿದ್ದಾಪುರ, ಶಿರಸಿ ಕಡೆಯ ಉಪ್ಪಿನಕಾಯಿ ತಯಾರಕರೂ ಮಿಡಿ ಕೊಯ್ಯುವವರೂ ಇರುವ ಒಂದು ವಾಟ್ಸಾಪ್ ಗ್ರೂಪಿನಲ್ಲಿ ಯಾವ ಕಡೆ ಮಿಡಿ ಎಷ್ಟು ಬಂದಿದೆ, ರಿಪ್ಪನ್‌ಪೇಟೆಯ ಮಿಡಿ ಮಾರುಕಟ್ಟೆಯಲ್ಲಿ ಏನು ದರ ನಡೆದಿದೆ, ಒಳ್ಳೆಯ ಗಾಜಿನ ಬಾಟಲಿ ಎಲ್ಲಿ ಸಿಗುತ್ತದೆ ಎಂಬ ವಿಷಯಗಳು ಅಂದಂದೇ ತಿಳಿಯುತ್ತವೆ. ಮಿಡಿಗಾಗಿ ಕೊಂಬೆಗಳನ್ನೇ ಕಡಿದು ಉರುಳಿಸುವ ಕೆಟ್ಟ ರೂಢಿಯಿಂದ ಹೊಳೆದಂಡೆಯ ಎಷ್ಟೋ ಹಳೆಯ ಮರಗಳು ಹಾಳಾಗಿವೆ. ಕೊಂಬೆ ಕಡಿದು ತಂದ ಮಿಡಿಯನ್ನು ಕೊಳ್ಳುವುದಿಲ್ಲ ಎಂದು ನಾವು ಕೆಲವರು ಗ್ರೂಪಿನಲ್ಲಿ ಮಾತಾಡಿಕೊಂಡು, ನಮ್ಮ ನಮ್ಮ ಪುಟಗಳಲ್ಲೂ ಬಹಿರಂಗವಾಗಿ ಬರೆದೆವು. ಮರ ಹತ್ತಿ ಕೊಯ್ದು ಹಗ್ಗದಲ್ಲಿ ಇಳಿಸುವವರಿಗೆ ಹೆಚ್ಚಿನ ಕೂಲಿ ಕೊಡಬೇಕಾಗುತ್ತದೆ, ಆ ಕಾರಣಕ್ಕೆ ಬಾಟಲಿಯ ಬೆಲೆ ಇಷ್ಟು ಏರಿದೆ ಎಂದು ವಿವರಿಸಿದಾಗ ಹಳೆಯ ಗ್ರಾಹಕರಲ್ಲಿ ಯಾರೂ ಆಕ್ಷೇಪಿಸಲಿಲ್ಲ.

ಇಷ್ಟನ್ನೂ ಮಾಡುವುದಕ್ಕೆ ದಿನವಿಡೀ ಮೊಬೈಲ್ ಹಿಡಿದು ಕೂರಬೇಕಾಗಿಲ್ಲ, ಹಾಗೆ ಕೂತರೆ ಉಪ್ಪಿನಕಾಯಿ ಮಾಡುವವರು ಯಾರು? ಮಧ್ಯಾಹ್ನ ಊಟದ ನಂತರ ಒಂದು ಗಂಟೆ, ಸಂಜೆ ದೀಪ ಹಚ್ಚಿದ ಮೇಲೆ ಒಂದು ಗಂಟೆ ಉತ್ತರಿಸುವುದೆಂದು ಪುಟದಲ್ಲೇ ಬರೆದಿದ್ದೇನೆ, ಉಳಿದ ವೇಳೆಯಲ್ಲಿ ಬರುವ ಸಂದೇಶಗಳಿಗೆ ಆ್ಯಪ್ ತಾನಾಗಿಯೇ ಈ ಸಮಯವನ್ನು ತಿಳಿಸುತ್ತದೆ. ಕೊಯ್ಲಿನ ವಾರಗಳಲ್ಲಿ ಮಗಳು ಉತ್ತರಿಸುತ್ತಾಳೆ. ಸ್ಟಾಕ್ ಮುಗಿದ ದಿನ ಕ್ಯಾಟಲಾಗ್‌ನಿಂದ ಎಲ್ಲವನ್ನೂ ತೆಗೆದು, ಮುಗಿದಿದೆ, ಮುಂದಿನ ಬುಕಿಂಗ್ ಹೊಸ ಮಿಡಿ ಬಂದ ನಂತರವೇ ಎಂದು ಮೂರೂ ಕಡೆ ಹಾಕುತ್ತೇನೆ. ಮುಂಗಡ ಕೊಡುತ್ತೇವೆ ಎಂದು ಒತ್ತಾಯಿಸುವವರಿಂದಲೂ ಹಣ ಪಡೆಯದೆ ಹೆಸರನ್ನು ಮಾತ್ರ ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಬರೆದುಕೊಳ್ಳುತ್ತೇನೆ, ಬುಕಿಂಗ್ ತೆರೆದಾಗ ಮೊದಲ ಸಂದೇಶ ಹೋಗುವುದು ಅವರಿಗೇ.