ಫಾರಂ ಬಿಟ್ಟೆ, ಹೋಗಿ ಕೇಳಿದೆ

ನಮ್ಮ ಕಾಲೇಜಿನ ಎಂಜಿನಿಯರಿಂಗ್ ಹುಡುಗಿಯರ ಗುಂಪಿಗೆ ಸಲಹೆಗಾರ್ತಿಯಾದ ಮೊದಲ ವರ್ಷ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ನೋಟಿಸ್ ಬೋರ್ಡಿಗೆ ಒಂದು ಪೋಸ್ಟರ್ ಅಂಟಿಸಿದೆ. ಕ್ಲಾಸ್ ಗ್ರೂಪುಗಳಿಗೆ ಒಂದು ಫಾರಂ ಕಳಿಸಿದೆ. ‘ಎಂಜಿನಿಯರಿಂಗ್ ಹುಡುಗಿಯರ ಗುಂಪಿಗೆ ವಿದ್ಯಾರ್ಥಿ ಲೀಡರ್‌ಗಳು ಬೇಕಾಗಿದ್ದಾರೆ.’ ಫಾರಂನಲ್ಲಿ 12 ಪ್ರಶ್ನೆ. ‘ನಿಮ್ಮ ನಾಯಕತ್ವದ ಅನುಭವವನ್ನು 200 ಪದಗಳಲ್ಲಿ ವಿವರಿಸಿ’ ಅನ್ನುವುದೂ ಅದರಲ್ಲೊಂದು. ಬರೆದವಳು ನಾನೇ. ಈಗ ನೆನೆಸಿಕೊಂಡರೆ ನಗು ಬರುತ್ತದೆ.

10 ದಿನ ಕಾದೆ. ಗುಂಪಿನಲ್ಲಿ ಹೆಸರಿಗೆ 80 ಜನ ಇದ್ದರು. ಬಂದಿದ್ದು ಮೂರು ಅರ್ಜಿ. ಮೂವರೂ ಆಗಲೇ ಬೇರೆ ಮೂರು ನಾಲ್ಕು ಕ್ಲಬ್‌ಗಳಲ್ಲಿ ಓಡಾಡುತ್ತಿದ್ದವರು. ಅವರಲ್ಲಿ ಕ್ಲಾಸಿಗೇ ಮೊದಲು ಬರುವ ಕೊನೆಯ ವರ್ಷದ ಹುಡುಗಿಯನ್ನು ಅಧ್ಯಕ್ಷೆ ಮಾಡಿದೆ. ಒಳ್ಳೆಯ ಹುಡುಗಿ, ಚುರುಕು. ಆದರೆ ಅರ್ಧ ವರ್ಷ ಕಳೆಯುತ್ತಲೇ ಪ್ರಾಜೆಕ್ಟು, ಕೆಲಸದ ಸಂದರ್ಶನ ಎಲ್ಲ ಒಟ್ಟಿಗೆ ಶುರುವಾದವು. ಗುಂಪು ಹೆಸರಿಗಷ್ಟೇ ಉಳಿಯಿತು. ಅವಳು ಪಾಸಾಗಿ ಹೋದಳು, ಗುಂಪಿನ ಮೇಲ್ ಪಾಸ್‌ವರ್ಡ್ ಅವಳ ಹಳೇ ಫೋನಿನ ಜೊತೆ ಹೋಯಿತು. ಅದನ್ನು ವಾಪಸ್ ಪಡೆಯಲು ನಾನು ಎರಡು ತಿಂಗಳು ಒದ್ದಾಡಿದೆ.

ನಾನಾಗ ಎಲೆಕ್ಟ್ರಾನಿಕ್ಸ್ ವಿಭಾಗಕ್ಕೆ ಹೊಸದಾಗಿ ಬಂದ ಅಧ್ಯಾಪಕಿ. ಗುಂಪಿನ ಸಲಹೆಗಾರ್ತಿಯ ಕೆಲಸ ನನ್ನ ತಲೆಗೆ ಬಂದಿದ್ದು ಯಾಕೆ ಗೊತ್ತಾ? ಬೇರೆ ಯಾರೂ ಒಪ್ಪಲಿಲ್ಲ, ನನಗೆ ಬೇಡ ಅನ್ನಲು ಧೈರ್ಯ ಸಾಲಲಿಲ್ಲ. ಅಷ್ಟೇ.

ಎರಡನೇ ವರ್ಷ ಮತ್ತೆ ಪೋಸ್ಟರ್ ಬರೆಯಲು ಕೂತಿದ್ದೆ. ಅದೇ ವಾರ ಮೊದಲ ವರ್ಷದವರಿಗೆ ಸೋಲ್ಡರಿಂಗ್, ಅಂದರೆ ಬಿಸಿ ಐರನ್ನಿನಿಂದ ಸೋಲ್ಡರ್ ಲೋಹ ಕರಗಿಸಿ ತಂತಿ ಬೆಸೆಯುವ ವರ್ಕ್‌ಶಾಪ್ ಇತ್ತು. 20 ಸೋಲ್ಡರಿಂಗ್ ಐರನ್, 30 ಹುಡುಗಿಯರು. ಅರ್ಧ ಗಂಟೆಯಲ್ಲಿ ಗಲಾಟೆಯೋ ಗಲಾಟೆ. ಕೆಲವು ಐರನ್ ಬಿಸಿಯೇ ಆಗುತ್ತಿಲ್ಲ. ಕೆಲವದರ ತುದಿ ಕಪ್ಪಾಗಿ ಸೋಲ್ಡರ್ ಹಿಡಿಯುತ್ತಿಲ್ಲ. ನಾನು ಈ ಮೂಲೆಯಿಂದ ಆ ಮೂಲೆಗೆ ಓಡುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಸದ್ದು ಇಳಿದಿದೆ.

ಸಹಾಯಕ್ಕೆಂದು ಬಂದಿದ್ದ ಎರಡನೇ ವರ್ಷದ ಒಬ್ಬ ಹುಡುಗಿ ಬಿಳಿ ಟೇಪ್ ಹರಿದು ಎಲ್ಲ ಐರನ್ನುಗಳಿಗೂ ನಂಬರ್ ಅಂಟಿಸಿದ್ದಳು. ಕೆಟ್ಟವನ್ನು ಬೇರೆ ಟ್ರೇಗೆ ಹಾಕಿದ್ದಳು. ಕಪ್ಪಾದ ತುದಿಗಳನ್ನು ಹಿತ್ತಾಳೆ ತಂತಿಯ ಉಂಡೆಯಲ್ಲಿ ಉಜ್ಜಿ, ಹೊಸದಾಗಿ ಸೋಲ್ಡರ್ ಸವರಿ ವಾಪಸ್ ಕೊಡುತ್ತಿದ್ದಳು. ಉಳಿದ 15ರಲ್ಲಿ ಇಬ್ಬರಿಗೆ ಒಂದು ಅಂತ ಕೂರಿಸಿದ್ದಳು. ಒಬ್ಬರಿಗೂ ಜೋರು ಮಾಡಿರಲಿಲ್ಲ. ಕೊನೆಗೆ ನನ್ನ ಮೇಜಿನ ಮೇಲೆ ಒಂದು ಚೀಟಿ ಇಟ್ಟು ಹೋದಳು. ‘4, 9, 11: ಎಲಿಮೆಂಟ್ ಹೋಗಿದೆ. 7: ವೈರ್ ಸಡಿಲ. 16: ತುದಿ ಬದಲಿಸಬೇಕು.’ ಕೆಳಗೆ ಹೆಸರು ಕೂಡ ಇರಲಿಲ್ಲ.

ಹಿಂದಿನ ವರ್ಷದ ಫಾರಂ ಅವಳಿಗೂ ಹೋಗಿತ್ತು. ಯಾಕೆ ತುಂಬಲಿಲ್ಲ ಅಂತ ಮರುದಿನ ಕಾರಿಡಾರಿನಲ್ಲಿ ಕೇಳಿದೆ. “ನನಗೆ ಲೀಡರ್‌ಶಿಪ್ ಅನುಭವ ಇಲ್ಲ ಮೇಡಂ. 200 ಪದ ಏನಂತ ಬರೆಯಲಿ?” ಅಂದಳು.

ಆ ಮಾತು ನನಗೆ ಚುಚ್ಚಿತು. ನಾನು ಕೇಳಿದ್ದು ಅನುಭವ. ಅನುಭವ ಸಿಗುವುದು ಯಾರಾದರೂ ಮೊದಲ ಸಲ ಅವಕಾಶ ಕೊಟ್ಟ ಮೇಲೆ. ಹಾಗಾದರೆ ಫಾರಂ ಆರಿಸುತ್ತಿದ್ದದ್ದು ಯಾರನ್ನು? ಮೊದಲೇ ಅವಕಾಶ ಸಿಕ್ಕಿದ್ದವರನ್ನು ಮಾತ್ರ ಅಲ್ವಾ?

1978ರಲ್ಲಿ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ‘ಇಂಪೋಸ್ಟರ್’ ಭಾವನೆಯ ಬಗ್ಗೆ ಬರೆದರು. ಚೆನ್ನಾಗಿ ಓದಿ ಮೇಲೆ ಬಂದ ಹೆಂಗಸರೂ ತಮ್ಮ ಗೆಲುವಿಗೆ ತಾವು ಅರ್ಹರಲ್ಲ, ಯಾವತ್ತೋ ಒಂದು ದಿನ ಸಿಕ್ಕಿಬೀಳುತ್ತೇವೆ ಅಂದುಕೊಳ್ಳುತ್ತಾರೆ ಎನ್ನುವ ವಿಷಯ. ನಮ್ಮಂಥ ಗುಂಪುಗಳ ಸಭೆಯಲ್ಲಿ ಈ ಪದ ಜಾಸ್ತಿ ಓಡಾಡುತ್ತದೆ. ನನಗೆ ಅದರ ಮೇಲೆ ಸ್ವಲ್ಪ ಸಿಟ್ಟಿದೆ. ಎಲ್ಲವನ್ನೂ ಹುಡುಗಿಯ ಮನಸ್ಸಿನ ಮೇಲೆ ಹಾಕಿದರೆ ನನ್ನ 12 ಪ್ರಶ್ನೆಗಳು ಸಲೀಸಾಗಿ ಪಾರಾಗುತ್ತವೆ.

ಪೋಸ್ಟರ್ ಹರಿದು ಹಾಕಿದೆ. ಅವಳಿಗೆ ‘ಲೀಡರ್ ಆಗ್ತೀಯಾ?’ ಅಂತ ಕೇಳಲಿಲ್ಲ. ಆ ಪದ ಬಾಯಿಗೇ ತರಲಿಲ್ಲ. ಚೀಟಿ ತೋರಿಸಿ ಹೇಳಿದೆ: “ನೀನು ನಿನ್ನೆ 30 ಜನರ ಗಲಾಟೆಯನ್ನು 10 ನಿಮಿಷದಲ್ಲಿ ಸರಿ ಮಾಡಿದೆ. ಮುಂದಿನ ವರ್ಕ್‌ಶಾಪಿನ ಸಾಮಾನಿನ ಜವಾಬ್ದಾರಿ ತಗೊಳ್ತೀಯಾ? ಮೂರು ವಾರ, ವಾರಕ್ಕೆ ಎರಡು ಗಂಟೆ. ಆಮೇಲೆ ಬೇಡ ಅನಿಸಿದರೆ ಬಿಟ್ಟುಬಿಡು.” ತಗೊಂಡಳು. ಮೂರು ವಾರ ಆದ ಮೇಲೆ ಬಿಡಲಿಲ್ಲ. ಮುಂದಿನ ವರ್ಷ ಖಜಾಂಚಿ, ಅದರ ಮುಂದಿನ ವರ್ಷ ಅಧ್ಯಕ್ಷೆ.

ಹೊಗಳುವಾಗ ಕಣ್ಣಾರೆ ಕಂಡದ್ದನ್ನೇ ಹೇಳಬೇಕು. ‘ನಿನ್ನಲ್ಲಿ ತುಂಬಾ ಪ್ರತಿಭೆ ಇದೆ’ ಅಂದರೆ ಹುಡುಗಿಯರು ನಂಬುವುದಿಲ್ಲ. ಸುಮ್ನೆ ಹೇಳ್ತಾರೆ ಅಂದುಕೊಳ್ಳುತ್ತಾರೆ. ‘ಐರನ್ನಿಗೆ ನಂಬರ್ ಅಂಟಿಸಿದೆಯಲ್ಲ’ ಅಂದರೆ ಅಲ್ಲಗಳೆಯಲು ಆಗುವುದಿಲ್ಲ. ಟೇಪ್ ಇನ್ನೂ ಅಲ್ಲೇ ಇರುತ್ತದೆ.

ಅಂದಿನಿಂದ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡೆ. ಕಾರ್ಯಕ್ರಮ ಮುಗಿದ ಮೇಲೆ ಎರಡು ಮೂರು ಹೆಸರು, ಹೆಸರಿನ ಮುಂದೆ ಒಂದು ಸಾಲು. ತಡವಾಗಿ ಬಂದವಳಿಗೆ ಆಗಿಹೋದದ್ದನ್ನು ಪಿಸುಗುಟ್ಟಿ ತಿಳಿಸಿದವಳು. ಅತಿಥಿಗೆ ಎಲ್ಲರೂ ನುಂಗಿಕೊಂಡ ಪ್ರಶ್ನೆ ಕೇಳಿದವಳು. ಹೋಗುವಾಗ ಕೇಬಲ್ ಸುತ್ತಿಟ್ಟವಳು. ಮೈಕ್ ಹಿಡಿದು ಚೆನ್ನಾಗಿ ಮಾತಾಡಿದವಳ ಹೆಸರನ್ನು ಬೇಕಂತಲೇ ಬರೆಯುತ್ತಿರಲಿಲ್ಲ. ಅವಳನ್ನು ಹೇಗೂ ಎಲ್ಲರೂ ನೋಡಿರುತ್ತಾರೆ.

ಬ್ರಿಟನ್ನಿನಲ್ಲಿ 1919ರ ಜೂನ್ 23ರಂದು ವಿಮೆನ್ಸ್ ಎಂಜಿನಿಯರಿಂಗ್ ಸೊಸೈಟಿ ಶುರುವಾಯಿತು. ಮಹಾಯುದ್ಧದ ಸಮಯದಲ್ಲಿ ಕಾರ್ಖಾನೆಗಳಲ್ಲಿ ದುಡಿದ ಹೆಂಗಸರನ್ನು ಯುದ್ಧ ಮುಗಿದ ಕೂಡಲೇ ಮನೆಗೆ ಕಳಿಸುತ್ತಿದ್ದ ಕಾಲ ಅದು. ಈಗ ಅದೇ ದಿನವನ್ನು ಅಂತಾರಾಷ್ಟ್ರೀಯ ಮಹಿಳಾ ಎಂಜಿನಿಯರಿಂಗ್ ದಿನ ಅಂತ ಆಚರಿಸುತ್ತಾರೆ. ಆ ಸೊಸೈಟಿಯ ಮೊದಲ ಕಾರ್ಯದರ್ಶಿ ಕ್ಯಾರೊಲಿನ್ ಹ್ಯಾಸ್ಲೆಟ್. ಬಾಯ್ಲರ್ ಕಂಪನಿಯೊಂದರ ಆಫೀಸಿಗೆ ಸೆಕ್ರೆಟರಿಯಾಗಿ ಸೇರಿ, ಆಮೇಲೆ ವರ್ಕ್‌ಶಾಪಿಗೆ ಹೋಗಿ ಎಂಜಿನಿಯರಿಂಗ್ ಕಲಿತವಳು. 1895ರಲ್ಲಿ ಹುಟ್ಟಿದವಳು, ಅಂದರೆ ಸೊಸೈಟಿ ಶುರುವಾದಾಗ ಇನ್ನೂ 24 ತುಂಬಿರಲಿಲ್ಲ. ನನ್ನ ಫಾರಂ ಅವಳ ಕೈಗೆ ಸಿಕ್ಕಿದ್ದರೆ 200 ಪದದ ಜಾಗ ಖಾಲಿ ಬಿಡುತ್ತಿದ್ದಳೇನೋ.

ಕೇಳುವುದರಿಂದ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಮೂರನೇ ವರ್ಷ ನಾನೇ ಎಡವಿದೆ. ಮೊದಲ ಸಲ ಗೆದ್ದ ಹುಮ್ಮಸ್ಸಿನಲ್ಲಿ ಕಂಡಕಂಡವರನ್ನೆಲ್ಲ ಕೇಳುತ್ತಾ ಹೋದೆ. ಎಲ್ಲರೂ ಒಪ್ಪಿದರು. ಅವರಲ್ಲಿ ನನ್ನ ಲ್ಯಾಬಿನ ವಿದ್ಯಾರ್ಥಿನಿಯೂ ಒಬ್ಬಳು. ಕಾರ್ಯಕ್ರಮಗಳ ಉಸ್ತುವಾರಿ ಅವಳಿಗೆ ಕೊಟ್ಟೆ. ಎರಡು ತಿಂಗಳು ಮಾಡಿದಳು. ಆಮೇಲೆ ಮೆಸೇಜಿಗೆ ಉತ್ತರ ಇಲ್ಲ, ಸಭೆಗೆ ಬರುವುದಿಲ್ಲ, ನನ್ನನ್ನು ಕಂಡರೆ ಬೇರೆ ಮೆಟ್ಟಿಲು ಹತ್ತುತ್ತಾಳೆ. ನಾನು ಬೇಜವಾಬ್ದಾರಿ ಅಂದುಕೊಂಡೆ, ಒಂದಿಬ್ಬರ ಮುಂದೆ ಹಾಗಂತ ಹೇಳಿಯೂಬಿಟ್ಟೆ. ಕೊನೆಗೆ ಅವಳ ಗೆಳತಿ ಬಂದು ತಿಳಿಸಿದಳು: “ಅವಳಿಗೆ ಮೊದಲೇ ಮನಸ್ಸಿರಲಿಲ್ಲ ಮೇಡಂ. ಲ್ಯಾಬ್ ಮಾರ್ಕ್ಸ್ ಹಾಕೋದು ನೀವೇ ಅಲ್ವಾ? ಹೇಗೆ ಬೇಡ ಅಂತಾಳೆ?”

ನಾನು ಕೇಳಿದ್ದು ಪ್ರಶ್ನೆಯೇ ಅಲ್ಲ, ಅಪ್ಪಣೆ. ಅದೂ ನಾನೇ ಹಾಗೆ ಸಿಕ್ಕಿಹಾಕಿಕೊಂಡವಳು, ನನಗೆ ಹೊಳೆಯಬೇಕಿತ್ತು.

ಇದರ ಮೇಲೊಂದು ಅಧ್ಯಯನವೇ ಇದೆ. ಅರ್ಥಶಾಸ್ತ್ರಜ್ಞೆ ಲಿಂಡಾ ಬಾಬ್‌ಕಾಕ್ ಮತ್ತು ಜೊತೆಗಾರ್ತಿಯರು 2017ರಲ್ಲಿ ಪ್ರಕಟಿಸಿದ್ದು. ಯಾರಾದರೂ ಒಬ್ಬರು ಮಾಡಲೇಬೇಕು, ಆದರೆ ಮಾಡಿದವರಿಗೆ ಲಾಭ ಕಡಿಮೆ, ಅಂಥ ಕೆಲಸವನ್ನು ಗುಂಪುಗಳಿಗೆ ಕೊಟ್ಟು ನೋಡಿದರು. ಗಂಡಸರು ಹೆಂಗಸರು ಬೆರೆತ ಗುಂಪಿನಲ್ಲಿ ಹೆಂಗಸರು ಗಂಡಸರಿಗಿಂತ ಶೇಕಡ 48ರಷ್ಟು ಜಾಸ್ತಿ ಮುಂದೆ ಬಂದರು. ಬೇರೆಯವರು ಬಾಯಿಬಿಟ್ಟು ಕೇಳಿದಾಗ ಗಂಡಸರಲ್ಲಿ ಶೇಕಡ 51ರಷ್ಟು, ಹೆಂಗಸರಲ್ಲಿ ಶೇಕಡ 76ರಷ್ಟು ಮಂದಿ ಒಪ್ಪಿಕೊಂಡರು. ಕೇಳುವವರೂ ಹೆಂಗಸರನ್ನೇ ಹೆಚ್ಚಾಗಿ ಕೇಳಿದರು. ಅಂದರೆ ಹುಡುಗಿಯರಿಂದ ‘ಹೂಂ’ ಅನ್ನಿಸುವುದು ಕಷ್ಟವೇ ಅಲ್ಲ. ಆ ‘ಹೂಂ’ ಮನಸ್ಸಿನಿಂದ ಬಂತೇ ಅನ್ನುವುದನ್ನು ತಿಳಿಯುವುದೇ ಕಷ್ಟ.

ಆಮೇಲೆ ಕೇಳುವ ಕೆಲಸ ನಾನು ಬಿಟ್ಟೆ. ನೋಟ್‌ಬುಕ್ಕಿನ ಹೆಸರುಗಳನ್ನು ಹಳೆಯ ಲೀಡರ್‌ಗಳಿಗೆ ಕೊಡುತ್ತೇನೆ. ಅವರ ಹತ್ತಿರವೂ ಅವರದೇ ಪಟ್ಟಿ ಇರುತ್ತದೆ, ಬಹಳ ಸಲ ನನ್ನದಕ್ಕಿಂತ ಚೆನ್ನಾಗಿರುತ್ತದೆ. ಅವರು ಹೋಗಿ ಮಾತಾಡುತ್ತಾರೆ. ಅಲ್ಲೇ ಉತ್ತರ ಕೇಳುವಂತಿಲ್ಲ, ಎರಡು ದಿನ ಬಿಡಬೇಕು. ಬೇಡ ಅಂದರೆ ಯಾಕೆ ಅಂತ ಕೆದಕುವಂತಿಲ್ಲ. ಈ ಎರಡು ದಿನದ ಬಿಡುವು ಬಂದ ಮೇಲೆ ಬೇಡ ಅನ್ನುವವರು ಜಾಸ್ತಿಯಾದರು. ನನಗೆ ಸಮಾಧಾನವೇ ಆಯಿತು. ಹೂಂ ಅಂದವರು ವರ್ಷಪೂರ್ತಿ ಉಳಿಯತೊಡಗಿದರು.

ಜೊತೆಗೆ ಪ್ರತಿ ಹುದ್ದೆಗೂ ಅರ್ಧ ಪುಟದ ಒಂದು ಹಾಳೆ ಮಾಡಿದೆವು. ವಾರಕ್ಕೆ ಎಷ್ಟು ಗಂಟೆ, ಯಾವ ತಿಂಗಳು ಹೊರೆ ಜಾಸ್ತಿ, ಯಾವ ಕೆಲಸ ನಿಮ್ಮದಲ್ಲ. ಮೂರನೆಯದೇ ಮುಖ್ಯ. ಯಾಕೆಂದರೆ ಯಾವ ಸಮಾರಂಭ ಬಂದರೂ ‘ನಿಮ್ಮ ಗುಂಪಿನ ಹುಡುಗಿಯರನ್ನು ಕಳಿಸಿ, ಅತಿಥಿಗಳಿಗೆ ಹೂಗುಚ್ಛ ಕೊಡಲಿ’ ಅನ್ನುವ ಫೋನು ಬರುತ್ತಿತ್ತು. ರೋಬೋ ಕಾರಿನ ಮೋಟರ್ ಓಡಿಸುವ ಸರ್ಕ್ಯೂಟನ್ನು ಕೈಯಾರೆ ಕಟ್ಟಿದ ಹುಡುಗಿ ಬಾಗಿಲಲ್ಲಿ ತಟ್ಟೆ ಹಿಡಿದು ನಿಲ್ಲಬೇಕು. ಹಾಳೆಯಲ್ಲಿ ಬರೆದೆವು: ‘ಸ್ವಾಗತ, ಅಲಂಕಾರ ನಮ್ಮ ಕೆಲಸವಲ್ಲ.’ ಮುಂದಿನ ಸಲ ಫೋನು ಬಂದಾಗ ಓದಿ ಹೇಳಿದೆ. ಆ ಕಡೆಯವರಿಗೆ ಬೇಜಾರಾಯಿತು. ಆಗಲಿ ಬಿಡಿ.

ಸಣ್ಣಪುಟ್ಟದ್ದು ಇನ್ನೂ ಇದೆ. ಸಭೆ ಸಂಜೆ ಆರರ ಮೇಲೆ ಇಟ್ಟರೆ ದೂರದಿಂದ ಬಂದುಹೋಗುವವರು ಯಾವತ್ತೂ ಲೀಡರ್ ಆಗುವುದಿಲ್ಲ, ಮಧ್ಯಾಹ್ನಕ್ಕೆ ತಂದೆವು. ಕಂಪ್ಯೂಟರ್ ಸೈನ್ಸಿನವರೇ ತುಂಬಿಕೊಳ್ಳುತ್ತಿದ್ದರು. ಮೆಕ್ಯಾನಿಕಲ್ ಕ್ಲಾಸಿನಲ್ಲಿ ನಾಲ್ಕೇ ಹುಡುಗಿಯರು, ಅವರನ್ನು ಹುಡುಕಿಕೊಂಡು ಅವರ ವರ್ಕ್‌ಶಾಪಿಗೇ ಹೋಗಬೇಕಾಯಿತು. ಹುಡುಗರು ಸೇರಬಹುದಾ ಅಂತ ಪ್ರತಿ ವರ್ಷ ಕೇಳುತ್ತಾರೆ. ಸೇರಬಹುದು, ಅಮೆರಿಕದಲ್ಲಿ 1950ರಲ್ಲಿ ಹುಟ್ಟಿದ ಸೊಸೈಟಿ ಆಫ್ ವಿಮೆನ್ ಎಂಜಿನಿಯರ್ಸ್‌ಗೂ ಗಂಡಸರು ಸದಸ್ಯರಾಗಬಹುದು. ನಮ್ಮಲ್ಲಿ ಬಂದ ಹುಡುಗರಿಗೆ ಮೊದಲು ಕುರ್ಚಿ ಹಾಕುವ, ಸಭೆಯ ಟಿಪ್ಪಣಿ ಬರೆಯುವ ಕೆಲಸ ಕೊಡುತ್ತೇವೆ. ಅರ್ಧ ಜನ ಉಳಿಯುತ್ತಾರೆ, ಹಾಗೆ ಉಳಿದುಕೊಂಡವರು ಚಿನ್ನ.

ಈಗ ಕೊನೆಯ ವರ್ಷದವರನ್ನು ಅಧ್ಯಕ್ಷೆ ಮಾಡುವುದಿಲ್ಲ. ಮೂರನೇ ವರ್ಷದಲ್ಲಿ ಇಬ್ಬರು ಜೋಡಿಯಾಗಿ ನಡೆಸುತ್ತಾರೆ. ಒಬ್ಬಳಿಗೆ ಪರೀಕ್ಷೆ, ಜ್ವರ, ಮನೆಯ ತಾಪತ್ರಯ ಬಂದರೆ ಇನ್ನೊಬ್ಬಳು ಇರುತ್ತಾಳೆ. ಹೊಸ ಜೋಡಿಯನ್ನು ವರ್ಷ ಮುಗಿಯುವ ಎಂಟು ವಾರ ಮೊದಲೇ ಆರಿಸುತ್ತೇವೆ. ಮೊದಲ ನಾಲ್ಕು ವಾರ ಅವರು ಹಿಂದೆ ಕೂತು ನೋಡಬೇಕು. ಆಮೇಲಿನ ನಾಲ್ಕು ವಾರ ಅವರು ನಡೆಸಬೇಕು, ಹಳಬರು ಹಿಂದೆ ಕೂರಬೇಕು. ಹಳಬರು ಬಾಯಿ ಹಾಕದೆ ಕೂರುವುದೇ ಈ ಎಂಟು ವಾರದಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ. ಒಬ್ಬಳಂತೂ ಬಾಯಿಗೆ ಪೆನ್ನು ಕಚ್ಚಿಕೊಂಡು ಕೂತಿದ್ದಳು.

ಇಷ್ಟಕ್ಕೆಲ್ಲ ಒಂದು ಫೈಲ್ ಇದೆ. ಪಾಸ್‌ವರ್ಡ್, ಹಾಲ್ ಬುಕ್ ಮಾಡುವ ವಿಧಾನ, ಖರ್ಚಿನ ಲೆಕ್ಕ, ಬರುತ್ತೇನೆಂದು ಬಾರದ ಅತಿಥಿಗಳ ಪಟ್ಟಿ, ಎಲ್ಲ ಅದರಲ್ಲಿ. ಆ ಬಿಳಿ ಟೇಪಿನ ಹುಡುಗಿಯೇ ಶುರು ಮಾಡಿದ್ದು. ಮೊನ್ನೆ ಹೊಸ ಜೋಡಿ ಅದನ್ನು ನನ್ನ ಮೇಜಿನ ಮೇಲೆ ಮರೆತು ಹೋಗಿತ್ತು. ಸುಮ್ನೆ ತಿರುವಿ ಹಾಕಿದೆ. ಕೊನೆಯಲ್ಲಿ ‘ಮೇಡಂ’ ಅಂತಲೇ ಒಂದು ಪುಟ, ಬೇರೆ ಬೇರೆ ವರ್ಷದ ಬೇರೆ ಬೇರೆ ಕೈಬರಹದಲ್ಲಿ. ‘ಮೇಲ್ ನೋಡುವುದಿಲ್ಲ, ಬಾಗಿಲು ತಟ್ಟಿ.’ ‘ಸಹಿ ಬೇಕಿದ್ದರೆ ಊಟಕ್ಕೆ ಮುಂಚೆ ಹೋಗಿ.’ ಅದರ ಕೆಳಗೆ, ನೀಲಿ ಇಂಕಿನಲ್ಲಿ: ‘ಹೊಸ ಐಡಿಯಾ ತಂದರೆ ಎರಡು ದಿನ ಟೈಮ್ ಬೇಕು ಅನ್ನಿ. ಅವರದೇ ರೂಲು.’