ಶುಗರ್ ಗ್ಲೈಡರ್‌ಗೆ ಮೊದಲು ನಿಮ್ಮ ವಾಸನೆ ಪರಿಚಯವಾಗಲಿ

ಮರದಿಂದ ಮರಕ್ಕೆ ತೇಲಿಹೋಗುವ ಪುಟ್ಟ ಪ್ರಾಣಿ ಶುಗರ್ ಗ್ಲೈಡರ್. ಅದು ಮನೆಗೆ ಬಂದ ದಿನವೇ ಎತ್ತಿಕೊಂಡು ಮುದ್ದು ಮಾಡಬೇಕು ಅನ್ನಿಸುತ್ತದೆ, ಅಲ್ವಾ? ನನಗೂ ಅನ್ನಿಸಿತ್ತು. ಗೂಡಿಗೆ ಕೈ ಹಾಕಿದೆ, ಹೆಬ್ಬೆರಳು ಕಚ್ಚಿಸಿಕೊಂಡೆ. ತಪ್ಪು ನನ್ನದೇ. ಕಾಡಿನಲ್ಲಿ ಗೂಬೆಗೆ ಹೆದರಿ ಬದುಕುವ ಜೀವ ಇದು. ತೂಕ 100ರಿಂದ 150 ಗ್ರಾಂ ಅಷ್ಟೇ. ಮೇಲಿನಿಂದ ಇಳಿಯುವ ಕೈ ಕಂಡರೆ ಹೆದರದೆ ಇರುತ್ತದೆಯೇ?

ಹೆದರಿದಾಗ ಹಿಂಗಾಲ ಮೇಲೆ ನಿಂತು ಕರ್ರ್ ಕರ್ರ್ ಎಂದು ಕೂಗುತ್ತದೆ. ಅಂಗೈಯಷ್ಟಿಲ್ಲದ ಪ್ರಾಣಿಯಿಂದ ಅಷ್ಟು ಸದ್ದು ಬಂದರೆ ಯಾರಾದರೂ ಬೆಚ್ಚುತ್ತಾರೆ. ಆದರೆ ಕೈ ಸರ್ರನೆ ಎಳೆದುಕೊಳ್ಳಬೇಡಿ. ಕೂಗಿದರೆ ಕೈ ಓಡಿಹೋಗುತ್ತದೆ ಎಂದು ಅದು ಒಂದೇ ಸಲಕ್ಕೆ ಕಲಿತುಬಿಡುತ್ತದೆ. ಕೈಯನ್ನು ಅಲ್ಲೇ ಇಟ್ಟು, ಮೆಲ್ಲಗೆ ಮಾತಾಡುತ್ತಾ ಇರಿ.

ಇವು ಒಬ್ಬರನ್ನೊಬ್ಬರು ಗುರುತು ಹಿಡಿಯುವುದು ವಾಸನೆಯಿಂದ. ಹಾಗಾಗಿ ಮೊದಲ ಕೆಲವು ದಿನ ಮುಟ್ಟುವ ಗೊಡವೆಯೇ ಬೇಡ. ಫ್ಲೀಸ್ ಬಟ್ಟೆಯ ತುಂಡೊಂದನ್ನು ಎರಡು ರಾತ್ರಿ ನಿಮ್ಮ ದಿಂಬಿನ ಮೇಲಿಟ್ಟು, ಆಮೇಲೆ ಅದು ಮಲಗುವ ಚೀಲದೊಳಗೆ ಹಾಕಿ. ಸೆಂಟು, ಘಾಟಿನ ಸೋಪು ಬೇಡವೇ ಬೇಡ. ಇವು ಹಗಲೆಲ್ಲ ಮಲಗುವ ಪ್ರಾಣಿ. ಸ್ವಲ್ಪ ಹೊಂದಿಕೊಂಡ ಮೇಲೆ, ಮಲಗಿರುವಾಗಲೇ ಬಟ್ಟೆ ಚೀಲದ ಸಮೇತ ಎದೆಗೆ ನೇತುಹಾಕಿಕೊಂಡು ಮನೆಕೆಲಸ ಮಾಡಿ. ಚೀಲದ ಒಳಗಡೆ ದಾರ ಬಿಚ್ಚಿಕೊಂಡಿರಬಾರದು. ಒಮ್ಮೆ ನಮ್ಮ ಮರಿಯ ಬೆರಳಿಗೆ ಕೂದಲೆಳೆಯಷ್ಟು ದಾರ ಸುತ್ತಿಕೊಂಡಿತ್ತು. ಬೆರಳು ಕೆಂಪಗೆ ಊದಿ, ಬಿಡಿಸುವಷ್ಟರಲ್ಲಿ ನನಗೇ ಬೆವರಿಳಿದಿತ್ತು.

ನಿಜವಾದ ಸ್ನೇಹ ಬೆಳೆಯುವುದು ರಾತ್ರಿ. ಸಣ್ಣ ಕೋಣೆಯೊಂದರಲ್ಲಿ ನೆಲದ ಮೇಲೆ ಸುಮ್ನೆ ಕೂತುಕೊಳ್ಳಿ. ಫ್ಯಾನು ನಿಲ್ಲಿಸಿ. ಬಚ್ಚಲಮನೆಯಾದರೆ ಕಮೋಡಿನ ಮುಚ್ಚಳ ಹಾಕಿ, ನೀರಿಗೆ ಬಿದ್ದು ಸತ್ತವು ಎಷ್ಟೋ ಇವೆ. ಅಟ್ಟಿಸಿಕೊಂಡು ಹೋಗಬೇಡಿ. ಸ್ವಲ್ಪ ಹೊತ್ತಿಗೆ ನೀವೇ ಅದಕ್ಕೆ ಮರ! ಮೊಣಕಾಲು ಹತ್ತಿ, ಭುಜಕ್ಕೆ ಬಂದು, ಮುಂಗೈಯಿಂದ ಹಿಂಗಾಲಿನವರೆಗಿನ ಚರ್ಮವನ್ನು ರೆಕ್ಕೆಯ ಹಾಗೆ ಹರಡಿ ಗಾಳಿಯಲ್ಲಿ ತೇಲುತ್ತದೆ. ಬಾಲ ಹಿಡಿದು ಮಾತ್ರ ಎತ್ತಬೇಡಿ. ಎರಡೂ ಅಂಗೈ ಬಟ್ಟಲಿನ ಹಾಗೆ ಜೋಡಿಸಿ ಕೆಳಗಿನಿಂದ ಎತ್ತಿ. ತಿನಿಸನ್ನು ತುಂಡಾಗಿ ಹಿಡಿದು ಕೊಟ್ಟರೆ ಬೆರಳಿಗೂ ಹಲ್ಲು ತಾಗುತ್ತದೆ. ಸಿಹಿ ಹಾಕದ ಮೊಸರನ್ನು ಬೆರಳ ತುದಿಗೆ ಚೂರೇ ಚೂರು ಸವರಿಕೊಂಡರೆ ನೆಕ್ಕುತ್ತದೆ. ಚಾಕೊಲೇಟ್ ವಿಷ, ನೆನಪಿರಲಿ.

ಒಂದನ್ನೇ ಸಾಕುವುದು ನನಗೆ ಒಪ್ಪಿಗೆಯಿಲ್ಲ. ಗುಂಪಿನಲ್ಲಿ ಬದುಕುವ ಪ್ರಾಣಿ, ಒಂಟಿಯಾದರೆ ಕೊರಗಿ ತನ್ನ ಕೂದಲನ್ನೇ ಕಿತ್ತುಕೊಳ್ಳುವುದುಂಟು. ಜೋಡಿಯಿದ್ದರೆ ನಮ್ಮ ಹತ್ತಿರ ಬರುವುದಿಲ್ಲ ಎನ್ನುತ್ತಾರೆ. ನಮ್ಮ ಜೋಡಿ ಬಂದಿದೆ, ನಿಧಾನಕ್ಕೆ. ಕೆಲವು ವಾರದಲ್ಲಿ ಒಗ್ಗುತ್ತವೆ, ಕೆಲವಕ್ಕೆ ತಿಂಗಳುಗಳೇ ಬೇಕು. 10–12 ವರ್ಷ ಬಾಳುವ ಜೀವಕ್ಕೆ ಅದೇನು ಜಾಸ್ತಿ?

ಗಂಡಿನ ನೆತ್ತಿಯ ಮೇಲೆ ಬೋಳು ಗುರುತು ಕಂಡರೆ ಗಾಬರಿಯಾಗಬೇಡಿ, ಅದು ವಾಸನೆಯ ಗ್ರಂಥಿ. ಅದನ್ನು ನಿಮ್ಮ ಕುತ್ತಿಗೆಗೆ ಉಜ್ಜಿತೆಂದರೆ ನಿಮ್ಮನ್ನೂ ಗುಂಪಿಗೆ ಸೇರಿಸಿಕೊಂಡಿದೆ ಅಂತಲೇ ಲೆಕ್ಕ. ಸ್ನಾನ ಮಾಡಿಸುವುದು ಬೇಡ, ಮೈಯನ್ನು ಅವೇ ನೆಕ್ಕಿ ಚೊಕ್ಕ ಮಾಡಿಕೊಳ್ಳುತ್ತವೆ. ಇನ್ನೊಂದು, ಎದ್ದ ಕೂಡಲೇ ಮೂತ್ರ ಮಾಡುತ್ತವೆ. ಹತ್ತು ನಿಮಿಷ ಬಿಟ್ಟು ಹೊರಗೆ ಬಿಡಿ, ಮೈಮೇಲೆ ಹಳೇ ಅಂಗಿಯೇ ಇರಲಿ.